ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್

ಅಮ್ಮನ ಬೆಳಗಿನ ಸ್ನಾನಕ್ಕೆಂದು 16 ಆಂಪಿಯರ್‌ನ ಸ್ಮಾರ್ಟ್ ಪ್ಲಗ್, ಅಂದರೆ ವೈಫೈ ಮೂಲಕ ಮೊಬೈಲಿನಿಂದ ನಡೆಸುವ ಪ್ಲಗ್, ತಂದು ಮೂರು ತಿಂಗಳಾಯಿತು. ಮೊದಲ ಸಂಜೆಯಿಡೀ ಅದರ ನೀಲಿ ದೀಪ ಪಟಪಟನೆ ಮಿಟುಕುತ್ತಲೇ ಇತ್ತು. ವೈಫೈ ಹಿಡಿಯಲೇ ಇಲ್ಲ. ಪ್ಲಗ್‌ಗೆ ಸಿಗುವುದು 2.4 ಗಿಗಾಹರ್ಟ್ಸ್ ಆವರ್ತನದ ವೈಫೈ ಮಾತ್ರ. ನಮ್ಮ ರೂಟರ್‌ನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು, ಪ್ಲಗ್ ಜೋಡಿಸಲು ಬಳಸುತ್ತಿದ್ದ ಮೊಬೈಲ್ 5ಕ್ಕೆ ಅಂಟಿಕೊಂಡಿತ್ತು. ಹೆಸರುಗಳನ್ನು ಬೇರೆ ಮಾಡಿ ಮೊಬೈಲನ್ನು 2.4ಕ್ಕೆ ಸೇರಿಸಿದೆ, ಅರ್ಧ ನಿಮಿಷದಲ್ಲಿ ಮಿಟುಕುವುದು ನಿಂತಿತು. ಇದನ್ನು ಡಬ್ಬಿಯ ಮೇಲೆಯೇ ದಪ್ಪಕ್ಷರದಲ್ಲಿ ಮುದ್ರಿಸಬೇಕಿತ್ತು. ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಡಗಿಸಿದ್ದು ತಪ್ಪು. 2.4ರ ಸಂಕೇತ ಗೋಡೆಗಳನ್ನು ದಾಟುವುದರಲ್ಲಿ ಗಟ್ಟಿ, ಬಚ್ಚಲಮನೆಯವರೆಗೂ ಚೆನ್ನಾಗಿ ತಲುಪುತ್ತದೆ. ಈಗ 5.30ಕ್ಕೆ ಗೀಸರ್ ತಾನಾಗಿ ಚಾಲೂ ಆಗುತ್ತದೆ, 6ಕ್ಕೆ ನಿಲ್ಲುತ್ತದೆ. ಅಮ್ಮ ಕತ್ತಲಲ್ಲಿ ಸ್ವಿಚ್ ತಡಕಾಡುವುದು ತಪ್ಪಿದೆ.