ಲಿವರ್ ತಜ್ಞರು ನಿಮ್ಮನ್ನು ಹೊರಗೆ ಕೂರಿಸಿದರೆ ಸುಮ್ಮನಾಗಬೇಡಿ

ಗಂಡನಿಗೋ ಹೆಂಡತಿಗೋ ಸಿರೋಸಿಸ್ (ಲಿವರ್ ಗಾಯವಾಗಿ ಗಂಟುಗಟ್ಟಿ ಗಟ್ಟಿಯಾಗುವ ಕಾಯಿಲೆ) ಅಂತ ರಿಪೋರ್ಟ್ ಬಂದು, ತಜ್ಞರ ಹತ್ತಿರ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಯಜಮಾನರನ್ನು ಮೊದಲು ನೋಡಿದ ತಜ್ಞರು ಎರಡು ಕೆಲಸ ಮಾಡಲಿಲ್ಲ. ಕಾಯಿಲೆ ಯಾಕೆ ಬಂತು ಅಂತ ಹುಡುಕಲಿಲ್ಲ. ದಿನವಿಡೀ ಜೊತೆಯಲ್ಲಿರುವ ನನ್ನ ಮಾತು ಕೇಳಲಿಲ್ಲ. ಮೊದಲನೆಯದರಿಂದ ಚಿಕಿತ್ಸೆ ತಡವಾಯಿತು, ಎರಡನೆಯದರಿಂದ ಇವರು ಎಚ್ಚರ ತಪ್ಪಿ ಐಸಿಯು ಸೇರಬೇಕಾಯಿತು. ಆಸ್ಪತ್ರೆಯ ಹೆಸರು, ವೈದ್ಯರ ಹೆಸರು ಬರೆಯುವುದಿಲ್ಲ. ಇಂಥದ್ದು ಯಾವ ಆಸ್ಪತ್ರೆಯಲ್ಲಾದರೂ ಆಗಬಹುದು, ಹಾಗಾಗಿ ಹೆಸರಿಗಿಂತ ಲಕ್ಷಣಗಳನ್ನು ತಿಳಿದಿಟ್ಟುಕೊಳ್ಳುವುದು ಮುಖ್ಯ.

ಕಾಯಿಲೆ ಇದೆ ಅಂತ ಗೊತ್ತಾದದ್ದೇ ಆಕಸ್ಮಿಕವಾಗಿ. ಮೂತ್ರದಲ್ಲಿ ಕಲ್ಲಿದೆಯೇನೋ ಅಂತ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನ ಮೇಲ್ಮೈ ಗಂಟುಗಂಟಾಗಿದೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ ಅಂತ ಬಂತು. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಇತ್ತು. ಲಿವರ್ ಗಟ್ಟಿಯಾದಾಗ ಅದರೊಳಗೆ ಹೋಗಬೇಕಾದ ರಕ್ತದ ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ ಊದಿಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ ಅನ್ನುವುದೆಲ್ಲ ನನಗೆ ತಿಳಿದದ್ದು ಆಮೇಲೆ.

ತಜ್ಞರು ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ಕುಡೀತಿದ್ದೀರಿ?" ಇವರು, "ಇಲ್ಲ ಸರ್, ನನಗೆ ಕುಡಿಯೋ ಅಭ್ಯಾಸವೇ ಇಲ್ಲ" ಅಂದರು. "ಎಲ್ಲರೂ ಹಾಗೇ ಹೇಳೋದು" ಅಂತ ಅವರು ನನ್ನ ಕಡೆ ತಿರುಗಿ, "ಅಮ್ಮಾ, ನೀವು ಸ್ವಲ್ಪ ಹೊರಗಿರಿ. ನಿಮ್ಮೆದುರು ಇವರು ನಿಜ ಹೇಳಲ್ಲ" ಅಂದರು. "ಅವಳು ಇರಲಿ ಸರ್, ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ" ಅಂತ ಇವರು ಹೇಳಿದರೂ ಆಗಲಿಲ್ಲ.

ಕುಡಿತದ ಬಗ್ಗೆ ಕೇಳಿದ್ದಕ್ಕೆ ನನ್ನ ತಕರಾರಿಲ್ಲ, ಅದನ್ನು ಕೇಳಲೇಬೇಕು. ರೋಗಿಯ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡುವುದೂ ಸರಿಯೇ. ಎಷ್ಟೋ ವಿಷಯ ಮನೆಯವರೆದುರು ಹೇಳಲಾಗುವುದಿಲ್ಲ. ಆದರೆ ಉತ್ತರ ಸಿಕ್ಕ ಮೇಲೂ ಅದೇ ಊಹೆಗೆ ಅಂಟಿಕೊಂಡು, ಬೇರೆ ಯಾವ ಪರೀಕ್ಷೆಯನ್ನೂ ಬರೆಯದೇ ಇದ್ದದ್ದು ತಪ್ಪು. ಸಿರೋಸಿಸ್‌ಗೆ ಕಾರಣಗಳು ಹತ್ತಾರು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಹೆಪಟೈಟಿಸ್, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ, ಕಬ್ಬಿಣದ ಅಂಶ ತುಂಬಿಕೊಳ್ಳುವ ಹೀಮೋಕ್ರೊಮಟೋಸಿಸ್, ಪಿತ್ತನಾಳಗಳ ಕಾಯಿಲೆಗಳು. ಇವುಗಳಲ್ಲಿ ಹಲವಕ್ಕೆ ಅದರದ್ದೇ ಆದ ಔಷಧಿ ಇದೆ. ಹೆಪಟೈಟಿಸ್ ಸಿ ವೈರಾಣುವನ್ನಂತೂ ಈಗ ಎರಡು ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕ ಎಲ್ಲರಲ್ಲೂ ಪೂರ್ತಿ ತೆಗೆದುಹಾಕಬಹುದು. ಇಷ್ಟಕ್ಕೂ ನಿಜವಾಗಿಯೇ ಕುಡಿಯುತ್ತಿದ್ದವರಿಗೂ ಈ ಪರೀಕ್ಷೆಗಳೆಲ್ಲ ಆಗಬೇಕು, ಅವರಿಗೂ ಎರಡನೇ ಕಾರಣ ಇರಬಹುದಲ್ಲವೇ? ಕುಡಿದದ್ದಕ್ಕೆ ಶಿಕ್ಷೆ ಅನುಭವಿಸಲಿ ಅನ್ನುವ ಧಾಟಿಯಲ್ಲಿ ಯಾವ ರೋಗಿಯನ್ನೂ ನಡೆಸಿಕೊಳ್ಳಬಾರದು.

ನಾನು ಹೇಳಬೇಕು ಅಂದುಕೊಂಡು ಹೋಗಿದ್ದ ವಿಷಯ ಬೇರೆಯೇ ಇತ್ತು. ಕೆಲವು ವಾರಗಳಿಂದ ಇವರ ನಿದ್ದೆ ತಲೆಕೆಳಗಾಗಿತ್ತು. ಹಗಲೆಲ್ಲ ಕುರ್ಚಿಯಲ್ಲೇ ತೂಕಡಿಕೆ, ರಾತ್ರಿ ಪೂರ್ತಿ ಎಚ್ಚರ. ಒಂದು ರಾತ್ರಿ ಎದ್ದು ನೋಡಿದರೆ, ಕೆಲಸಕ್ಕೆ ಹೊರಡುವವರ ಹಾಗೆ ಶರ್ಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಲಿನ ಗುಂಡಿ ಕೆಳಗಿನ ತೂತಿಗೆ ಹೋಗಿತ್ತು. ಬಿಚ್ಚಿ ಮತ್ತೆ ಹಾಕಿದರೂ ಅದೇ ತಪ್ಪು. ಬ್ಯಾಂಕಿನಿಂದ ಒಂದು ಚೆಕ್ ಸಹಿ ಹೊಂದುತ್ತಿಲ್ಲ ಅಂತ ವಾಪಸ್ ಬಂದಿತ್ತು. ಹಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರಗಳು ಕುಗ್ಗಿ, ನಡುಗಿ, ಗೆರೆ ಕೆಳಕ್ಕೆ ಇಳಿದುಹೋಗಿತ್ತು. ಇಷ್ಟು ವರ್ಷ ಒಂದೇ ಸಹಿ ಹಾಕಿದ ಮನುಷ್ಯ! ಕೇಳಿದರೆ "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತ ರೇಗುತ್ತಿದ್ದರು.

ಬಾಗಿಲ ಹತ್ತಿರ ನಿಂತೇ ಇಷ್ಟನ್ನೂ ತಜ್ಞರಿಗೆ ಹೇಳಲು ಹೊರಟೆ. "ಕಾಯಿಲೆ ಅಂದ್ರೆ ಯೋಚನೆ ಇರುತ್ತಮ್ಮಾ, ಯೋಚನೆಗೆ ನಿದ್ದೆ ಬರಲ್ಲ. ಮಾತ್ರೆ ಕೊಡ್ತೀನಿ" ಅಂತ ನಿದ್ದೆಗೆ ಒಂದು ಮಾತ್ರೆ ಬರೆದರು. ಜೊತೆಗೆ ಲಿವರ್ ಟಾನಿಕ್, "ಪ್ರೋಟೀನ್ ಕಡಿಮೆ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ" ಅನ್ನುವ ಸೂಚನೆ. ಕೈ ಮುಂದೆ ಚಾಚಿಸಿ ನೋಡಲಿಲ್ಲ. ಇವತ್ತು ಯಾವ ವಾರ ಅಂತ ಕೂಡ ಕೇಳಲಿಲ್ಲ.

ಆ ಮಾತ್ರೆ ಬೆಂಜೊಡಯಜಪೀನ್ ಗುಂಪಿನದ್ದು. ಕ್ಲೋನಾಜೆಪಾಮ್, ಆಲ್‌ಪ್ರಜೋಲಾಮ್ ಎಲ್ಲ ಅದೇ ಗುಂಪು. ಶುರು ಮಾಡಿ ಹೆಚ್ಚು ದಿನ ಆಗಿರಲಿಲ್ಲ. ನಡುವೆ ಮಲಬದ್ಧತೆಯೂ ಆಗಿತ್ತು. ಒಂದು ಬೆಳಿಗ್ಗೆ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಕಣ್ಣು ಅರ್ಧ ತೆರೆದರು, ನನ್ನನ್ನು ಗುರುತಿಸಲಿಲ್ಲ.

ತುರ್ತು ವಿಭಾಗದಲ್ಲಿದ್ದ ಕಿರಿಯ ವೈದ್ಯೆ ಮೊದಲು ಮಾತಾಡಿಸಿದ್ದು ನನ್ನನ್ನೇ. ಮಲ ವಿಸರ್ಜನೆ ಯಾವಾಗ ಆಗಿತ್ತು, ಕಪ್ಪಗೆ ಹೋಗಿತ್ತಾ, ಜ್ವರ ಇತ್ತಾ, ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾಗಿತ್ತಾ, ನಿದ್ದೆಗೋ ನೋವಿಗೋ ಮಾತ್ರೆ ತಗೊಂಡಿದ್ದಾರಾ, ಈಚೆಗೆ ಹಗಲು ನಿದ್ದೆ ಹೆಚ್ಚಾಗಿತ್ತಾ. ನಾನು ಹಿಂದೆ ಬಾಗಿಲಲ್ಲಿ ನಿಂತು ಹೇಳಲು ಹೊರಟಿದ್ದನ್ನೇ ಆಕೆ ಒಂದೊಂದಾಗಿ ಕೇಳಿ ಬರೆದುಕೊಂಡಳು. ಸಕ್ಕರೆ ಪ್ರಮಾಣ, ಸೋಂಕು, ರಕ್ತಸ್ರಾವ, ತಲೆಯ ಸ್ಕ್ಯಾನ್ ಎಲ್ಲ ನೋಡಿ, ಇದು ಹೆಪಾಟಿಕ್ ಎನ್ಸೆಫಲೋಪತಿ ಅಂದರು. ಕರುಳಿನಲ್ಲಿ ಹುಟ್ಟುವ ಅಮೋನಿಯದಂಥ ವಿಷಗಳನ್ನು ಆರೋಗ್ಯವಂತ ಲಿವರ್ ಸೋಸಿ ತೆಗೆಯುತ್ತದೆ. ಸಿರೋಸಿಸ್‌ನಲ್ಲಿ ಅವು ರಕ್ತದ ಜೊತೆ ಮೆದುಳಿಗೆ ಹೋಗಿ ಮಂಕು ಕವಿಸುತ್ತವೆ. ಮಲಬದ್ಧತೆ, ಸೋಂಕು, ರಕ್ತಸ್ರಾವ, ನೀರಿನಂಶ ಕಡಿಮೆಯಾಗುವುದು, ನಿದ್ದೆಯ ಮಾತ್ರೆ ಇವು ಅದನ್ನು ಕೆರಳಿಸುತ್ತವೆ. ಹಗಲು ರಾತ್ರಿಯ ನಿದ್ದೆ ಅದಲುಬದಲಾಗುವುದು ಇದರ ಆರಂಭದ ಲಕ್ಷಣಗಳಲ್ಲಿ ಒಂದು. ಅಂದರೆ ಕಾಯಿಲೆಯ ಲಕ್ಷಣವನ್ನು ಚಿಂತೆ ಅಂತ ತಿಳಿದು, ಆ ಲಕ್ಷಣವನ್ನೇ ಉಲ್ಬಣಗೊಳಿಸುವ ಮಾತ್ರೆ ಕೊಟ್ಟಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಮಲ ಸಡಿಲಿಸುವ ಲ್ಯಾಕ್ಟುಲೋಸ್ ಅನ್ನುವ ಸಿರಪ್ ಕೊಟ್ಟು ಕರುಳು ಖಾಲಿಯಾಗುತ್ತಾ ಬಂದ ಹಾಗೆ ಇವರಿಗೆ ಎಚ್ಚರ ಬಂತು.

ಆಮೇಲೆ ನೋಡಿದ ಬೇರೆ ಲಿವರ್ ತಜ್ಞರು (ಹೆಪಟಾಲಜಿಸ್ಟ್) ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡರು. ಮೊದಲು ಇವರನ್ನು, "ನಿಮ್ಮ ಮನೆಯವರ ಹತ್ತಿರವೂ ಕೇಳಲಾ?" ಅಂತ ಅನುಮತಿ ಕೇಳಿದರು. ಆಮೇಲೆ ಇವರ ಎರಡೂ ಕೈ ಮುಂದೆ ಚಾಚಿಸಿ, ಟ್ರಾಫಿಕ್ ಪೊಲೀಸರು ಗಾಡಿ ತಡೆಯುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಬೆರಳುಗಳು ಇದ್ದಕ್ಕಿದ್ದಂತೆ ಸೋತು ಕೆಳಗೆ ಬಿದ್ದು, ಮತ್ತೆ ಮೇಲೆದ್ದವು. ಅದು ಮೆದುಳಿಗೆ ಮಂಕು ಕವಿದಿರುವುದರ ಗುರುತು. ಅರ್ಧ ನಿಮಿಷದ ಪರೀಕ್ಷೆ. ಯಂತ್ರ ಬೇಡ, ಲ್ಯಾಬ್ ಬೇಡ.

ಸಿರೋಸಿಸ್ ಎಷ್ಟು ಮುಂದುವರಿದಿದೆ ಅಂತ ಅಳೆಯುವ ಚೈಲ್ಡ್-ಪ್ಯೂ ಲೆಕ್ಕವನ್ನು ಅವರು ಹಾಳೆಯ ಮೇಲೆ ಬರೆದು ತೋರಿಸಿದರು. ಅದರಲ್ಲಿ ಐದು ಅಂಶ. ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಈ ಮೂರೂ ರಕ್ತಪರೀಕ್ಷೆಯಿಂದ ಬರುತ್ತವೆ. ನಾಲ್ಕನೆಯದು ಹೊಟ್ಟೆಯಲ್ಲಿ ತುಂಬುವ ನೀರು, ಐದನೆಯದು ಮೆದುಳಿನ ಮಂಕು. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 5 ಅಥವಾ 6 ಬಂದರೆ ಎ, 7ರಿಂದ 9 ಬಿ, 10ರಿಂದ 15 ಸಿ; ಸಿ ಅಂದರೆ ತುಂಬಾ ಮುಂದುವರಿದದ್ದು. "ಈ ಐದನೆಯದನ್ನು ಲ್ಯಾಬ್ ಕೊಡಲ್ಲ ಮೇಡಂ, ಮನೆಯವರು ಕೊಡಬೇಕು. ರೋಗಿಗೆ ತಾನು ಮಂಕಾಗಿರೋದೇ ಗೊತ್ತಾಗಲ್ಲ" ಅಂದರು. ನಾನು ಈ ಬರಹ ಬರೆಯುತ್ತಿರುವುದೇ ಈ ಮಾತಿಗಾಗಿ. ಕಾಯಿಲೆಯವರ ಪಕ್ಕದಲ್ಲಿ ಮಲಗಿ ಏಳುವವರು ಹೇಳುವ ನಿದ್ದೆ, ಸಹಿ, ಸಿಡುಕು, ಮರೆವು ಇವೆಲ್ಲ ರಿಪೋರ್ಟಿನಷ್ಟೇ ಮುಖ್ಯವಾದ ಮಾಹಿತಿ. ಅದನ್ನು ತೆಗೆದುಕೊಳ್ಳದ ತಜ್ಞರು ಅರ್ಧ ಪರೀಕ್ಷೆ ಮಾಡಿದ್ದಾರೆ ಅಂತಲೇ ಅರ್ಥ.

ಕಾರಣವೂ ಸಿಕ್ಕಿತು. ಹೆಪಟೈಟಿಸ್ ಬಿ. ಮೊದಲ ದಿನವೇ ಎಚ್‌ಬಿಎಸ್‌ಎಜಿ ಅನ್ನುವ ಸಾಮಾನ್ಯ ರಕ್ತಪರೀಕ್ಷೆ ಬರೆದಿದ್ದರೆ ತಿಳಿಯುತ್ತಿತ್ತು. ಈ ವೈರಾಣು ರಕ್ತದಿಂದ, ದೈಹಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಜೊತೆಗೆ ಕೂತು ಉಂಡರೆ, ಅಪ್ಪಿಕೊಂಡರೆ ಹರಡುವುದಿಲ್ಲ. ಕುಡಿತ ಅನ್ನುವ ಒಂದು ಊಹೆಯಿಂದ ಇವರ ಚಿಕಿತ್ಸೆ ನಿಂತದ್ದಲ್ಲದೆ, ನನ್ನ ಮತ್ತು ಮಕ್ಕಳ ಪರೀಕ್ಷೆಯೂ ನಿಂತುಹೋಗಿತ್ತು. ನನಗೆ ಸೋಂಕು ತಗುಲಿರಲಿಲ್ಲ, ಲಸಿಕೆ ಹಾಕಿಸಿಕೊಂಡೆ. ಇವರಿಗೆ ಟೆನೊಫೊವಿರ್ ಶುರುವಾಯಿತು. ಈ ಔಷಧಿ ವೈರಾಣುವನ್ನು ಪೂರ್ತಿ ಓಡಿಸದಿದ್ದರೂ ಅದುಮಿ ಹಿಡಿಯುತ್ತದೆ, ಲಿವರಿಗೆ ಸುಧಾರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಚೆನ್ನಾಗಿದ್ದೇವೆ ಅಂತ ನಾವಾಗಿಯೇ ನಿಲ್ಲಿಸಿದರೆ ವೈರಾಣು ಒಮ್ಮೆಲೇ ಮೇಲೆದ್ದು ಲಿವರ್ ಕೈಕೊಡುವ ಅಪಾಯವಿದೆ.

ಪ್ರೋಟೀನ್ ವಿಷಯವನ್ನೂ ಹೇಳಿಬಿಡುತ್ತೇನೆ. ಸಿರೋಸಿಸ್‌ಗೆ ಪ್ರೋಟೀನ್ ಬೇಡ ಅನ್ನುವುದು ಕೈಬಿಟ್ಟ ಹಳೆಯ ಪದ್ಧತಿ. ಸ್ನಾಯುಗಳೂ ಅಮೋನಿಯವನ್ನು ತೆಗೆಯುತ್ತವೆ, ಅವು ಕರಗಿದರೆ ಮಂಕು ಹೆಚ್ಚುತ್ತದೆ. ಈಗ ಸಾಮಾನ್ಯವಾಗಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, ಮಲಗುವ ಮುಂಚೆ ಏನಾದರೂ ತಿನ್ನಿ ಅಂತಲೂ ಹೇಳುತ್ತಾರೆ. ಲ್ಯಾಕ್ಟುಲೋಸನ್ನು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಹೊಂದಿಸಿಕೊಳ್ಳಬೇಕು. ಜಾಸ್ತಿಯಾಗಿ ಭೇದಿಯಾದರೆ ನೀರಿನಂಶ ಇಳಿದು ಮತ್ತೆ ಮಂಕು ಬರುತ್ತದೆ.

ನೀವು ಭೇಟಿಗೆ ಹೋದಾಗ ಈ ಮಾತುಗಳು ತಜ್ಞರ ಬಾಯಲ್ಲಿ ಬರದಿದ್ದರೆ ನೀವೇ ಕೇಳಿ. ಕಾರಣ ಏನು, ಯಾವ ಯಾವ ಕಾರಣ ಇಲ್ಲ ಅಂತ ಖಚಿತವಾಗಿದೆ? ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಅಂತ ನೋಡಲು ಎಂಡೋಸ್ಕೋಪಿ ಬೇಕೇ? ಲಿವರ್ ಕ್ಯಾನ್ಸರ್ ಬೇಗ ಪತ್ತೆಯಾಗಲು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಯಾವಾಗಿಂದ? ಕಾಯಿಲೆಯ ತೀವ್ರತೆಯನ್ನು ರಕ್ತಪರೀಕ್ಷೆಗಳಿಂದ ಲೆಕ್ಕಹಾಕುವ ಮೆಲ್ಡ್ ಸ್ಕೋರ್ ಎಷ್ಟು, ಲಿವರ್ ಕಸಿ ಕೇಂದ್ರದವರಿಗೆ ಈಗಲೇ ತೋರಿಸಬೇಕೇ? ಆ ಸ್ಕೋರ್ 15 ದಾಟಿದರೆ, ಅಥವಾ ನಮಗೆ ಆದಂತೆ ಮಂಕು, ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಏನಾದರೂ ಆಗಿದ್ದರೆ ಆ ಮಾತು ಎತ್ತಲು ಅದೇ ಸಮಯ. ಕಸಿ ಅಂದ ಕೂಡಲೇ ಇನ್ನು ಆಸೆ ಇಲ್ಲ ಅಂತ ತಿಳಿಯಬೇಡಿ. ತೋರಿಸಿಡುವುದು ಬೇರೆ, ಮಾಡಿಸುವುದು ಬೇರೆ. ನೋವಿನ ಮಾತ್ರೆ ಯಾವುದು ಅಂತಲೂ ಬರೆಸಿಕೊಳ್ಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ರಕ್ತಸ್ರಾವಕ್ಕೂ ದಾರಿ ಮಾಡುತ್ತವೆ. ಮಂಕು ಬಂದುಹೋದವರು ಗಾಡಿ ಓಡಿಸಬಹುದೇ ಅಂತ ಕೇಳಿ. ಇವರು ಕೇಳಲು ಒಪ್ಪಲಿಲ್ಲ, ನಾನೇ ಕೇಳಿದೆ. ಸದ್ಯಕ್ಕೆ ಬೇಡ ಅಂದರು. ಬೀಗದ ಕೈ ನನ್ನ ಹತ್ತಿರವೇ ಇದೆ.

ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಹೊಟ್ಟೆಯಲ್ಲಿ ನೀರಿದ್ದು ಜ್ವರ ಅಥವಾ ಹೊಟ್ಟೆನೋವು, ಎಬ್ಬಿಸಿದರೂ ಏಳದ ನಿದ್ದೆ, ಇವಕ್ಕೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ, ಮೊದಲ ಮಾತಿಗೇ "ಸಿರೋಸಿಸ್ ಇದೆ" ಅಂತ ಹೇಳಿ. ಹಳೆಯ ಚೀಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ಬಾಗಿಲ ಹತ್ತಿರವೇ ಇಟ್ಟಿರಿ. ಆ ನಿದ್ದೆ ಮಾತ್ರೆಯ ಹೆಸರು ಚೀಟಿಯಲ್ಲಿ ಇದ್ದದ್ದರಿಂದಲೇ ತುರ್ತು ವಿಭಾಗದವರಿಗೆ ಏನಾಗಿದೆ ಅಂತ ಬೇಗ ಗೊತ್ತಾಯಿತು.