ಸಿಸಿಐ ಆದೇಶಗಳ ಜಾಲತಾಣ: ಹಾಸನದಲ್ಲಿ ಕೂತು ಸ್ಪರ್ಧಾ ಕಾನೂನಿನ ಮೇಷ್ಟ್ರಾಗಲು ಇಷ್ಟು ಸಾಕೇ?

ಎಲ್‌ಎಲ್‌ಎಂ ಮುಗಿಸಿ ಹಾಸನಕ್ಕೋ ಚಿಕ್ಕಮಗಳೂರಿಗೋ ವಾಪಸಾಗಿ, ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಾ ಸ್ಪರ್ಧಾ ಕಾನೂನಿನಲ್ಲೇ ಪಿಎಚ್‌ಡಿ ಮಾಡುತ್ತೇನೆ ಅಂದರೆ ಹಿರಿಯರು ಹೇಳುವುದು ಒಂದೇ ಮಾತು: ‘ಅದಕ್ಕೆ ದಿಲ್ಲಿಯಲ್ಲಿರಬೇಕು ಕಣಪ್ಪ, ಇಲ್ಲಾಂದ್ರೆ ಬೆಂಗಳೂರಲ್ಲಾದರೂ ಇರಬೇಕು.’ ಕೆಲಸ, ಸಂಪರ್ಕಗಳ ಮಟ್ಟಿಗೆ ಇದು ನಿಜವೇ. ಓದು, ಬರಹದ ಮಟ್ಟಿಗೆ ಈಗ ನಿಜವಲ್ಲ. ಮಾರುಕಟ್ಟೆಯಲ್ಲಿ ಕಂಪನಿಗಳ ಪೈಪೋಟಿಗೆ ಧಕ್ಕೆಯಾಗದಂತೆ ಕಾಯುವ ಭಾರತೀಯ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, ತನ್ನ ಆದೇಶಗಳನ್ನು ಜಾಲತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಲಾಗಿನ್ ಬೇಡ, ಚಂದಾ ಬೇಡ. ಈ ಬರಹ ಆ ಸೇವೆಯ ವಿಮರ್ಶೆ, ಅದೂ ಪಾಠ ಮಾಡುವವರ ಮತ್ತು ಸಂಶೋಧನೆ ಮಾಡುವವರ ಕಣ್ಣಿಂದ. ತೀರ್ಪು ಮೊದಲೇ ಹೇಳಿಬಿಡಬಹುದು: ಸರಕಿಗೆ ಪೂರ್ತಿ ಅಂಕ, ಸರಕನ್ನು ಜೋಡಿಸಿಟ್ಟ ರೀತಿಗೆ ಅರ್ಧ ಅಂಕ.

ಜಾಲತಾಣದಲ್ಲಿ ಆದೇಶಗಳು ಎರಡು ಕಡೆ ಇವೆ. ‘ಆಂಟಿಟ್ರಸ್ಟ್’ ಭಾಗದಲ್ಲಿ ಸೆಕ್ಷನ್ 3 (ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳು) ಮತ್ತು ಸೆಕ್ಷನ್ 4ರ (ಪ್ರಾಬಲ್ಯದ ದುರುಪಯೋಗ) ಪ್ರಕರಣಗಳು. ‘ಕಾಂಬಿನೇಷನ್’ ಭಾಗದಲ್ಲಿ ಕಂಪನಿಗಳ ವಿಲೀನ, ಸ್ವಾಧೀನಗಳಿಗೆ ಕೊಟ್ಟ ಅನುಮತಿಗಳು. ಸ್ಪರ್ಧಾ ಕಾಯ್ದೆ 2002ರದ್ದಾದರೂ ಮೊದಲ ಭಾಗದ ಸೆಕ್ಷನ್‌ಗಳು ಜಾರಿಗೆ ಬಂದದ್ದು 2009ರ ಮೇ 20ರಂದು, ಎರಡನೆಯವು 2011ರ ಜೂನ್ 1ರಂದು. ಈ ಎರಡು ದಿನಾಂಕಗಳನ್ನು ಬಾಯಿಪಾಠ ಮಾಡಿಕೊಂಡರೆ ಮುಂದೆ ಬಹಳ ಗೊಂದಲ ತಪ್ಪುತ್ತದೆ. ‘2002ರಿಂದ ಸಿಸಿಐ ಕಾರ್ಟೆಲ್‌ಗಳಿಗೆ (ಒಳಗೊಳಗೇ ಮಾತಾಡಿಕೊಂಡು ದರ ಕಟ್ಟುವ ಕಂಪನಿಕೂಟಗಳಿಗೆ) ದಂಡ ಹಾಕುತ್ತಿದೆ’ ಎಂದು ಪಿಎಚ್‌ಡಿ ಪ್ರಸ್ತಾವದ, ಅಂದರೆ ಸಿನಾಪ್ಸಿಸ್‌ನ ಮೊದಲ ಪುಟದಲ್ಲೇ ಬರೆದರೆ ಗೈಡ್ ಅಲ್ಲೇ ಪೆನ್ನು ಕೆಳಗಿಡುತ್ತಾರೆ.

ಹುಡುಕುವಾಗ ಕಂಪನಿಯ ಹೆಸರಿಗಿಂತ ಪ್ರಕರಣದ ಸಂಖ್ಯೆ ಮತ್ತು ವರ್ಷ ಹೆಚ್ಚು ಭರವಸೆಯವು. ಹೆಸರನ್ನು ‘ಲಿಮಿಟೆಡ್’ ಅಂತ ಪೂರ್ತಿ ಬರೆದಿದ್ದಾರೋ ‘ಲಿ.’ ಅಂತ ಮೊಟಕು ಮಾಡಿದ್ದಾರೋ ಹೇಳಲಾಗದು, ಹುಡುಕಾಟ ಅಲ್ಲೇ ಎಡವುತ್ತದೆ. ದೊಡ್ಡ ತೊಂದರೆ ಹಳೆಯ ಲಿಂಕ್‌ಗಳದ್ದು. ಜಾಲತಾಣ ಹೊಸ ರೂಪಕ್ಕೆ ಬಂದ ಮೇಲೆ ಹಳೆಯ ಲೇಖನಗಳ, ಪ್ರಬಂಧಗಳ ಅಡಿಟಿಪ್ಪಣಿಯಲ್ಲಿದ್ದ ಎಷ್ಟೋ ವಿಳಾಸಗಳು ತೆರೆಯುವುದಿಲ್ಲ. ಆದ್ದರಿಂದ ಅಡಿಟಿಪ್ಪಣಿಯಲ್ಲಿ ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ, ಪ್ಯಾರಾ ಸಂಖ್ಯೆ ಇವು ಮೂರೂ ಇರಲಿ. ಆದೇಶ ಸಿಕ್ಕ ದಿನವೇ ಪಿಡಿಎಫ್ ಇಳಿಸಿ, ಕಡತಕ್ಕೆ ‘ವರ್ಷ–ಸಂಖ್ಯೆ–ಸೆಕ್ಷನ್’ ಎಂದು ಹೆಸರಿಟ್ಟು ಜೋಪಾನ ಮಾಡಿ. ಆರಂಭದ ವರ್ಷಗಳ ಕೆಲವು ಪ್ರತಿಗಳು ಬರೀ ಸ್ಕ್ಯಾನ್. ಒಳಗೆ ಪದ ಹುಡುಕಲು ಬರುವುದಿಲ್ಲ, ಕೂತು ಓದಲೇಬೇಕು. ಅಂಕಿ ಅಂಶ ಇರಬೇಕಾದ ಕಡೆ ನಕ್ಷತ್ರ ಚಿಹ್ನೆಗಳು ಕಂಡರೆ ಕಡತ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಸಾರ್ವಜನಿಕ ಪ್ರತಿ, ಕಂಪನಿಯ ಗುಟ್ಟಿನ ಮಾಹಿತಿಯನ್ನು ಮರೆಮಾಡಿರುತ್ತಾರೆ.

ಯಾವ ಜಾತಿಯ ಆದೇಶ ಅನ್ನುವುದನ್ನು ಮೊದಲು ನೋಡಬೇಕು, ಹೊಸಬರು ಹೆಚ್ಚು ತಪ್ಪುವುದು ಇಲ್ಲಿಯೇ. ಸೆಕ್ಷನ್ 26(1)ರ ಆದೇಶ ಅಂದರೆ ಮೇಲ್ನೋಟಕ್ಕೆ ಪ್ರಕರಣ ಇದೆ, ಆಯೋಗದ ತನಿಖಾ ವಿಭಾಗದ ಮಹಾನಿರ್ದೇಶಕರು ತನಿಖೆ ಮಾಡಲಿ ಎಂಬ ನಿರ್ದೇಶನ ಅಷ್ಟೇ. ಇದು ಆಡಳಿತಾತ್ಮಕ ಸ್ವರೂಪದ್ದು, ಇದರ ಮೇಲೆ ಮೇಲ್ಮನವಿ ಇಲ್ಲ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಸೇಲ್ (ಭಾರತೀಯ ಉಕ್ಕು ಪ್ರಾಧಿಕಾರ) ಪ್ರಕರಣದಲ್ಲಿ ಹೇಳಿದೆ. ಹೀಗಿದ್ದೂ ‘ಇಂಥ ಕಂಪನಿ ತಪ್ಪು ಮಾಡಿದೆ ಎಂದು ಸಿಸಿಐ ತೀರ್ಮಾನಿಸಿತು’ ಎಂದು 26(1)ರ ಆದೇಶ ತೋರಿಸಿ ಬರೆಯುವವರಿಗೆ ಕೊರತೆಯಿಲ್ಲ. ಸೆಕ್ಷನ್ 26(2) ಅಂದರೆ ಮೇಲ್ನೋಟಕ್ಕೇ ಹುರುಳಿಲ್ಲ ಎಂದು ಮುಚ್ಚಿದ್ದು. ಸೆಕ್ಷನ್ 27 ಅಂದರೆ ತನಿಖೆ, ವಾದ ಎಲ್ಲ ಮುಗಿದು ಉಲ್ಲಂಘನೆ ಸಾಬೀತಾಗಿ, ನಿಲ್ಲಿಸಿ ಎಂಬ ಆಜ್ಞೆ, ದಂಡ ಇತ್ಯಾದಿ. ಎಲ್ಲರೂ 27ರ ಹಿಂದೆ ಬೀಳುತ್ತಾರೆ; ಗೂಗಲ್ ಆಂಡ್ರಾಯ್ಡ್ ಆದೇಶಕ್ಕೆ (2022ರ ಅಕ್ಟೋಬರ್, ₹1,337.76 ಕೋಟಿ) ಕೈಹಾಕಿ ನಡುವಲ್ಲೇ ಸುಸ್ತಾಗುತ್ತಾರೆ. ಕಲಿಯಲು ಒಳ್ಳೆಯವು 26(2)ರ ಚಿಕ್ಕ ಆದೇಶಗಳು. ದೂರು ಏನು, ಸಂಬಂಧಿತ ಮಾರುಕಟ್ಟೆ (ಯಾವ ಸರಕು, ಯಾವ ಪ್ರದೇಶದ ಪೈಪೋಟಿ) ಯಾವುದು, ಎದುರು ಪಕ್ಷ ಅದರಲ್ಲಿ ಪ್ರಬಲವೇ, ಏಕೆ ಅಲ್ಲ ಅನ್ನುವುದೆಲ್ಲ ಕೆಲವೇ ಪುಟಗಳಲ್ಲಿ ಇರುತ್ತದೆ. ಒಂದು ಗಂಟೆಯ ತರಗತಿಗೆ ಅಳತೆ ಸರಿಹೋಗುತ್ತದೆ.

ಇನ್ನು ಈ ಸೇವೆಯ ಮುಖ್ಯ ಕೊರತೆ. ಆದೇಶದ ಪಿಡಿಎಫ್ ಓದಿದರೆ ಅದರ ಮುಂದಿನ ಗತಿ ಏನಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಮೇಲ್ಮನವಿ ಹೋಗಿದೆಯೇ, ದಂಡ ಉಳಿದಿದೆಯೇ ಎಂಬುದನ್ನು ಓದುಗರೇ ಬೆನ್ನಟ್ಟಬೇಕು. ಮೇಲ್ಮನವಿಗಳು 2017ರ ಮೇ ತಿಂಗಳವರೆಗೆ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಕಾಂಪ್ಯಾಟ್‌ಗೆ ಹೋಗುತ್ತಿದ್ದವು, ಆಮೇಲೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಎಟಿಗೆ. ಆಯೋಗದ ಪ್ರಕರಣ ಸಂಖ್ಯೆಗೂ ಮೇಲ್ಮನವಿಯ ಸಂಖ್ಯೆಗೂ ಸಂಬಂಧವೇ ಇಲ್ಲ. ದಾರಿ ಇಷ್ಟು: ದಂಡ ಬಿದ್ದ ಕಂಪನಿಯ ಹೆಸರನ್ನು ಮೇಲ್ಮನವಿದಾರ ಎಂದು ಹಾಕಿ ಎನ್‌ಸಿಎಲ್‌ಎಟಿ ಜಾಲತಾಣದಲ್ಲಿ ಹುಡುಕುವುದು, ತೀರ್ಪಿನ ಮೊದಲ ಪುಟಗಳಲ್ಲಿ ಬರುವ ಆಯೋಗದ ಆದೇಶದ ದಿನಾಂಕವನ್ನು ತಾಳೆ ನೋಡುವುದು, ಕೊನೆಗೆ ಸುಪ್ರೀಂ ಕೋರ್ಟಿನ ಉಚಿತ ತೀರ್ಪು ಭಂಡಾರ ಇ-ಎಸ್‌ಸಿಆರ್‌ನಲ್ಲಿ ಅದೇ ಹೆಸರನ್ನು ಇನ್ನೊಮ್ಮೆ ಹುಡುಕುವುದು.

ಬೆನ್ನಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಿಮೆಂಟ್ ಕಾರ್ಟೆಲ್ ಸಾಕು. 2012ರ ಜೂನ್‌ನಲ್ಲಿ ₹6,300 ಕೋಟಿಯಷ್ಟು ದಂಡ ಬಿತ್ತು. ವಾದ ಕೇಳದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದಾರೆ ಎಂಬ ಕಾರಣಕ್ಕೆ 2015ರ ಡಿಸೆಂಬರ್‌ನಲ್ಲಿ ಕಾಂಪ್ಯಾಟ್ ಅದನ್ನು ವಾಪಸು ಕಳಿಸಿತು. ಆಯೋಗ 2016ರ ಆಗಸ್ಟ್‌ನಲ್ಲಿ ಹೊಸದಾಗಿ ಆದೇಶ ಮಾಡಿತು. 2012ರದ್ದನ್ನೇ ಜಾರಿಯಲ್ಲಿರುವ ಆದೇಶ ಎಂಬಂತೆ ಉಲ್ಲೇಖಿಸುವ ಪ್ರಬಂಧಗಳು ವೈವಾ ಮೇಜಿನ ಮೇಲೆ ಬಂದರೆ ಪರೀಕ್ಷಕರಿಗೆ ಮೊದಲ ಪ್ರಶ್ನೆ ಹುಡುಕುವ ಕಷ್ಟವೇ ಇಲ್ಲ.

ಇಡೀ ಎಳೆಯನ್ನು ಒಮ್ಮೆ ಹಿಡಿದು ಹೋಗಲು ಹಾಸನ ಜಿಲ್ಲೆಯವರಿಗೆ ಹತ್ತಿರದ ಪ್ರಕರಣ ಎಕ್ಸೆಲ್ ಕ್ರಾಪ್ ಕೇರ್. ಕಾಳು, ಜೋಳಕ್ಕೆ ಹುಳು ಬೀಳದಂತೆ ಗೋದಾಮಿನಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಯ. ಭಾರತೀಯ ಆಹಾರ ನಿಗಮದ 2009ರ ಟೆಂಡರಿನಲ್ಲಿ ಮೂರು ಕಂಪನಿಗಳು ಕೆಜಿಗೆ ₹388 ಎಂದು ಒಂದೇ ದರ ಬರೆದಿದ್ದವು. ಟೆಂಡರ್ ಹಾಕಿದ್ದು ಮೇ 8ರಂದು, ಸೆಕ್ಷನ್ 3 ಜಾರಿಗೆ ಬಂದದ್ದು ಮೇ 20ರಂದು. ಹಾಗಾದರೆ ಆಯೋಗಕ್ಕೆ ಅಧಿಕಾರ ಉಂಟೇ? ಪರಿಣಾಮ ಮೇ 20ರ ಆಚೆಗೂ ಮುಂದುವರಿದಿದ್ದರಿಂದ ಉಂಟು ಎಂದಾಯಿತು. ಆಯೋಗ 2012ರಲ್ಲಿ ಕಂಪನಿಗಳ ಸರಾಸರಿ ವಹಿವಾಟಿನ ಶೇ 9ರಷ್ಟು ದಂಡ ಹಾಕಿತು. ಹಲವು ಸರಕು ಮಾರುವ ಕಂಪನಿಗೆ ಒಟ್ಟು ವಹಿವಾಟಿನ ಮೇಲೆ ಲೆಕ್ಕ ಹಾಕುವುದು ಸರಿಯಲ್ಲ, ಆ ಗುಳಿಗೆಯ ವಹಿವಾಟಿಗಷ್ಟೇ ಹಾಕಬೇಕು ಎಂದು ಕಾಂಪ್ಯಾಟ್ 2013ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2017ರ ಮೇ 8ರಂದು ಅದನ್ನು ಎತ್ತಿಹಿಡಿಯಿತು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಕಾನೂನು ನಿಲ್ಲಲಿಲ್ಲ. 2023ರ ತಿದ್ದುಪಡಿ, ವಹಿವಾಟು ಅಂದರೆ ಎಲ್ಲ ಸರಕು, ಸೇವೆಗಳಿಂದ ಬಂದ ಜಾಗತಿಕ ವಹಿವಾಟು ಎಂದು ಬರೆಯಿತು. 2024ರ ಮಾರ್ಚ್‌ನ ದಂಡ ಮಾರ್ಗಸೂಚಿ ಎರಡನ್ನೂ ಹೊಂದಿಸಿತು: ಸಂಬಂಧಿತ ವಹಿವಾಟಿನ (ತಪ್ಪು ನಡೆದ ಸರಕಿನದಷ್ಟೇ) ಸರಾಸರಿಯ ಶೇ 30ರವರೆಗೆ ಲೆಕ್ಕ ಶುರು, ಕಾಯ್ದೆಯ ಗರಿಷ್ಠ ಮಿತಿ ಮೀರುವಂತಿಲ್ಲ. ಆರು ದಾಖಲೆಗಳ ಈ ಸರಪಳಿಯನ್ನು ಬೋರ್ಡಿನ ಮೇಲೆ ದಿನಾಂಕ ಸಮೇತ ಬರೆಯಬಲ್ಲವರಿಗೆ ಸ್ಪರ್ಧಾ ಕಾನೂನಿನ ಪಾಠ ಮಾಡಲು ಬೇರೆ ಅರ್ಹತಾಪತ್ರ ಕೇಳಬೇಕಿಲ್ಲ. (ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ ಕೇಳುತ್ತದೆ, ಆ ಮಾತು ಕೆಳಗಿದೆ.)

ತರಗತಿಗೆ ಹೇಳಿ ಮಾಡಿಸಿದ ಇನ್ನೊಂದು ಆದೇಶ 2012ರ 58ನೇ ಪ್ರಕರಣ: ಕನ್ನಡ ಗ್ರಾಹಕರ ಕೂಟ ಮತ್ತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ನಡುವಿನ, ಡಬ್ಬಿಂಗ್ ತಡೆದ ಕುರಿತದ್ದು, ಆದೇಶದ ದಿನಾಂಕ 2015ರ ಜುಲೈ 27. ಡಬ್ಬಿಂಗ್ ಬೇಕೋ ಬೇಡವೋ ಎಂದು ಹಾಸನದ ಯಾವ ಕಾಫಿ ಹೋಟೆಲಿನಲ್ಲಿ ಕೇಳಿದರೂ ಎರಡು ಪಕ್ಷ ಆಗುತ್ತದೆ, ಹಾಗಾಗಿ ವಿದ್ಯಾರ್ಥಿಗಳನ್ನು ಎಬ್ಬಿಸುವ ಕಷ್ಟವಿಲ್ಲ. ಕಷ್ಟ ಅವರನ್ನು ಸೆಕ್ಷನ್‌ಗೆ ಎಳೆತರುವುದರಲ್ಲಿದೆ. ಪ್ರಶ್ನೆ ಭಾಷೆಯ ಹಿತದ್ದಲ್ಲ. ವ್ಯಾಪಾರಸ್ಥರ ಸಂಘವೊಂದು ಮಾರುಕಟ್ಟೆಗೆ ಸರಕು ಬಾರದಂತೆ ತಡೆಯಬಹುದೇ ಎಂಬುದು. ಓದಿಸುವ ಕ್ರಮ ಹೀಗಿದ್ದರೆ ಒಳ್ಳೆಯದು: ಮೊದಲು ಮಾಹಿತಿದಾರರ (ದೂರು ಕೊಟ್ಟವರ) ಆರೋಪ ಮಾತ್ರ ಕೊಟ್ಟು ಯಾವ ಸೆಕ್ಷನ್ ಎಂದು ಬರೆಸುವುದು, ಮಹಾನಿರ್ದೇಶಕರ ವರದಿಯ ಭಾಗ ಕೊಟ್ಟು ಸಾಕ್ಷ್ಯ ಏನೇನು ಎಂದು ಪಟ್ಟಿ ಮಾಡಿಸುವುದು, ಕೊನೆಗೆ ಆಯೋಗದ ನಿರ್ಣಯ. ಇಡೀ ಪಿಡಿಎಫ್ ಒಟ್ಟಿಗೆ ಕೊಟ್ಟರೆ ಎಲ್ಲರೂ ಕೊನೆಯ ಪುಟಕ್ಕೇ ಹಾರುತ್ತಾರೆ. ಜೊತೆಗೆ 2017ರ ಮಾರ್ಚ್ 7ರ ಸುಪ್ರೀಂ ಕೋರ್ಟ್ ತೀರ್ಪು ಇಡಿ. ಬಂಗಾಳಿಗೆ ಡಬ್ ಆದ ಹಿಂದಿ ಧಾರಾವಾಹಿಯನ್ನು ತಡೆದ ಅಲ್ಲಿನ ಕಲಾವಿದರ, ತಂತ್ರಜ್ಞರ ಸಮನ್ವಯ ಸಮಿತಿಯ ಪ್ರಕರಣ ಅದು. ಭೌಗೋಳಿಕ ಮಾರುಕಟ್ಟೆ ಗುರುತಿಸುವಾಗ ನೋಡಬೇಕಾದ ಅಂಶಗಳ ಪಟ್ಟಿಯಲ್ಲಿ, ಸೆಕ್ಷನ್ 19(6)ರಲ್ಲಿ, ಸಾಗಣೆ ವೆಚ್ಚದ ಪಕ್ಕದಲ್ಲೇ ‘ಭಾಷೆ’ಯೂ ಇದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಸಂದರ್ಭ ಸಿಗುವುದಿಲ್ಲ.

ಅದೇ 19(6)ನ್ನು, ಜೊತೆಗೆ ಸರಕಿನ ಮಾರುಕಟ್ಟೆ ಗುರುತಿಸುವ 19(7)ನ್ನು ಮಲೆನಾಡಿಗೆ ತಂದರೆ ಅಸಲಿ ಅಭ್ಯಾಸ. ಮೂಡಿಗೆರೆಯ ಸಣ್ಣ ಕಾಫಿ ಬೆಳೆಗಾರರಿಗೆ ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಒಂದೇ ಮಾರುಕಟ್ಟೆಯೇ? 50 ಕೆಜಿ ಚೀಲಕ್ಕೆ ಎಷ್ಟು ದೂರದ ಕ್ಯೂರಿಂಗ್ ವರ್ಕ್ಸ್‌ವರೆಗೆ ಲಾರಿ ಬಾಡಿಗೆ ಗಿಟ್ಟುತ್ತದೆ? ಕಾಫಿ ಮಂಡಳಿಯೇ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಪೂಲಿಂಗ್ ಕೈಬಿಟ್ಟು 1996ಕ್ಕೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಕೊಳ್ಳುವವರ ಪ್ರಾಬಲ್ಯವನ್ನು ಹೇಗೆ ಅಳೆಯುವುದು? ರಫ್ತಿಗೆ ಮಾತ್ರ ಸಂಬಂಧಿಸಿದ ಒಪ್ಪಂದಗಳಿಗೆ ಸೆಕ್ಷನ್ 3(5)ರಲ್ಲಿ ವಿನಾಯಿತಿ ಇದೆ, ಅದು ಎಲ್ಲಿಗೆ ಮುಗಿಯುತ್ತದೆ? ಇವು ಪಿಎಚ್‌ಡಿಗೆ ತಕ್ಕ ಪ್ರಶ್ನೆಗಳು. ಡಿಜಿಟಲ್ ವೇದಿಕೆಗಳ ಮೇಲೆ ಎಲ್ಲರೂ ಬರೆಯುತ್ತಿರುವಾಗ ಚಿಕ್ಕಮಗಳೂರಿನ ಸಂಶೋಧಕರಿಗೆ ಬೇರೆಯವರಿಗಿಲ್ಲದ ಅನುಕೂಲ ಇದೊಂದೇ. ಸಿದ್ಧ ಉತ್ತರ ಜಾಲತಾಣದಲ್ಲಿ ಸಿಗುವುದಿಲ್ಲ. ಮಾದರಿ ಸಿಗುತ್ತದೆ: ಬೆಂಗಳೂರಿನ ರೇಡಿಯೋ ಟ್ಯಾಕ್ಸಿ ಸೇವೆಯನ್ನೇ ಒಂದು ಮಾರುಕಟ್ಟೆ ಎಂದು ಹಿಡಿದ, ಓಲಾ ಪ್ರಬಲವಲ್ಲ ಎಂದು ಮುಗಿದ 2017ರ ಜುಲೈನ ಆದೇಶದಲ್ಲಿ ಹೆಜ್ಜೆಗಳು ಸ್ಪಷ್ಟವಾಗಿವೆ.

ವಿಷಯ ಬೇರೆಯವರು ಹಿಡಿದಿದ್ದಾರೆಯೇ ಎಂದು ನೋಡಲು ಶೋಧಗಂಗಾ ಮತ್ತು ಅದರ ಜೊತೆಯ ಶೋಧಗಂಗೋತ್ರಿ ಇವೆ. ಮೊದಲನೆಯದರಲ್ಲಿ ಮುಗಿದ ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್ ಆಗಿ, ಎರಡನೆಯದರಲ್ಲಿ ಸಿನಾಪ್ಸಿಸ್‌ಗಳು. ಗ್ರಂಥಸೂಚಿಯ ಕಡತ ಇಳಿಸಿಕೊಳ್ಳುವುದು ಲಾಭ, ಉಳಿದ ಅಧ್ಯಾಯಗಳನ್ನು 2023ರ ತಿದ್ದುಪಡಿಗೆ ಮುಂಚಿನವೇ ಎಂದು ನೋಡಿಕೊಂಡು ಓದಿ.

ಕೆಲಸದ ಮಾತಿಗೆ ಬಂದರೆ, ಸಹಾಯಕ ಪ್ರಾಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ ಶೇ 55 ಮತ್ತು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಬೇಕು. ಕೆ-ಸೆಟ್ ಅರ್ಹತೆ ಕರ್ನಾಟಕದೊಳಗೆ ಮಾತ್ರ ಮಾನ್ಯ. ನೆಟ್‌ನ ಕಾನೂನು ಪಠ್ಯಕ್ರಮದಲ್ಲಿ ಸ್ಪರ್ಧಾ ಕಾಯ್ದೆಯನ್ನು ವಾಣಿಜ್ಯ ಕಾನೂನಿನ ಘಟಕದಲ್ಲಿ ಹುಡುಕಿದರೆ ಸಿಗದು. ಅದು ಟಾರ್ಟ್ಸ್ (ಸಿವಿಲ್ ಅಪಕೃತ್ಯಗಳು) ಮತ್ತು ಗ್ರಾಹಕ ರಕ್ಷಣೆಯ ಐದನೇ ಘಟಕದಲ್ಲಿ, ಮೋಟಾರು ವಾಹನ ಕಾಯ್ದೆಯ ಪಕ್ಕದಲ್ಲಿ ಕೂತಿದೆ. ಯಾಕೆ ಎಂದು ಕೇಳಬೇಡಿ. ಪರೀಕ್ಷೆಗೆ ಸೆಕ್ಷನ್ 3ರಿಂದ 6ರವರೆಗೆ ಗಟ್ಟಿಯಿದ್ದರೆ ಆಯಿತು, ಆದೇಶಗಳ ಓದು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಮೇಲಿನ ಹುದ್ದೆಯ ಹೊತ್ತಿಗೆ. 2018ರ ಯುಜಿಸಿ ನಿಯಮಗಳ ಪ್ರಕಾರ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಕ್ಕೆ ಪಿಎಚ್‌ಡಿ, 10 ವರ್ಷದ ಬೋಧನೆ, 10 ಪ್ರಕಟಣೆ, 120 ಸಂಶೋಧನಾ ಅಂಕ ಬೇಕು. ಇಬ್ಬರು ಸೇರಿ ಬರೆದರೆ ತಲಾ ಶೇ 70 ಅಂಕ. ಒಪ್ಪಿತ ನಿಯತಕಾಲಿಕಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ಹೋಯಿತು, ನಿಯತಕಾಲಿಕದ ಗುಣಮಟ್ಟ ಅಳೆಯುವ ಹೊಣೆ ಈಗ ಸಂಸ್ಥೆಗಳ ಮೇಲಿದೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವವರ ಮಿಂಚಂಚೆಗೆ ಬಲಿಯಾಗಬಾರದು. ಆಯೋಗವೇ 2020ರಿಂದ ಒಂದು ನಿಯತಕಾಲಿಕ ತರುತ್ತಿದೆ, ಲೇಖನದ ಅಳತೆ, ಧಾಟಿ ತಿಳಿಯಲು ಅದನ್ನು ನೋಡಬಹುದು. ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದರೆ ಆಗಾಗ ಹುಬ್ಬಳ್ಳಿಗೆ ಹೋಗಿ ಬರಬೇಕು. ಹಾಸನದವರು ಅರಸೀಕೆರೆಯಲ್ಲಿ, ಚಿಕ್ಕಮಗಳೂರಿನವರು ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹಿಡಿಯಬಹುದು.

ಕಾಂಬಿನೇಷನ್ ಭಾಗವನ್ನು ಮೊದಲ ವರ್ಷ ಮುಟ್ಟದಿದ್ದರೂ ನಷ್ಟವಿಲ್ಲ. ಅನುಮತಿ ಆದೇಶಗಳು ಒಂದೇ ಅಚ್ಚಿನವು, ಬೇಕಾದ ಅಂಕಿಗಳೆಲ್ಲ ನಕ್ಷತ್ರದ ಹಿಂದೆ. ಮುಟ್ಟುವುದಾದರೆ 2024ರ ಸೆಪ್ಟೆಂಬರ್ 10ರ ಆಚೆಯವನ್ನು ಬೇರೆ ಫೋಲ್ಡರಿನಲ್ಲಿಡಿ. ಅಂದಿನಿಂದ ₹2,000 ಕೋಟಿ ಮೀರಿದ ವ್ಯವಹಾರ ಮೌಲ್ಯದ ಮಿತಿ ಬಂದಿದೆ, ಅನುಮತಿ ತೀರ್ಮಾನದ ಒಟ್ಟು ಗಡುವು 210 ದಿನದಿಂದ 150ಕ್ಕೆ ಇಳಿದಿದೆ. ಹಳೆಯದನ್ನೂ ಹೊಸದನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಸರಾಸರಿಗೆ ಅರ್ಥವೇ ಉಳಿಯುವುದಿಲ್ಲ.