ಎಣ್ಣೆಯಿಲ್ಲದ ಸಲಾಡ್ ಡಬ್ಬಿ: ಒಂದು ತಿಂಗಳು ತಿಂದು ನೋಡಿದ ಮೇಲೆ

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮನೆ ಬಾಗಿಲಿಗೆ ಸಲಾಡ್ ತಲುಪಿಸುವ ಸೇವೆಯೊಂದಕ್ಕೆ ಕಳೆದ ತಿಂಗಳು ಚಂದಾದಾರನಾಗಿದ್ದೆ. ರಾತ್ರಿಯೂಟದ ಬದಲಿಗೆ ಇದನ್ನೇ ತಿನ್ನಬೇಕೆಂಬುದು ಅವರ ಸಲಹೆ. ಡಬ್ಬಿಯಲ್ಲಿ ಕ್ಯಾರೆಟ್, ಪಾಲಕ್, ಟೊಮೆಟೊ, ಸೌತೆಕಾಯಿ, ಪಪ್ಪಾಯ, ಮೊಳಕೆ ಬರಿಸಿದ ಹೆಸರುಕಾಳು, ಜೊತೆಗೆ ನಿಂಬೆರಸ ಹಾಗೂ ಕಾಳುಮೆಣಸು ಬೆರೆಸಿದ ಪುಟ್ಟ ಬಟ್ಟಲು ಇರುತ್ತಿತ್ತು. ತರಕಾರಿ ತಾಜಾ ಆಗಿತ್ತು, ಸೊಪ್ಪಿನಲ್ಲಿ ಒಂದು ದಿನವೂ ಮಣ್ಣು ಸಿಗಲಿಲ್ಲ, ಹೇಳಿದ ಹೊತ್ತಿಗೆ ಡಬ್ಬಿ ಬಂದಿತು. ಈ ವಿಷಯಗಳಲ್ಲಿ ನನ್ನ ತಕರಾರಿಲ್ಲ.

ತಕರಾರು ಇರುವುದು ಮುಚ್ಚಳದ ಮೇಲಿನ ಬರಹದ ಬಗ್ಗೆ. ‘ವಿಟಮಿನ್ ಎ ಸಮೃದ್ಧ’ ಎಂಬ ಸಾಲಿನ ಕೆಳಗೇ ‘ಒಂದು ಹನಿ ಎಣ್ಣೆಯೂ ಇಲ್ಲ’ ಎಂಬ ಹೆಮ್ಮೆಯ ಮಾತಿದೆ. ಕ್ಯಾರೆಟ್, ಪಾಲಕ್‌ಗಳಲ್ಲಿರುವ ಬೀಟಾ ಕ್ಯಾರೋಟಿನ್ ದೇಹದೊಳಗೆ ವಿಟಮಿನ್ ಎ ಆಗುತ್ತದೆ ಎಂಬುದು ನಿಜವಾದರೂ, ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ಊಟದಲ್ಲಿರುವ ಕೊಬ್ಬು ಸಣ್ಣ ಕರುಳಿಗೆ ಇಳಿದಾಗ ಪಿತ್ತಕೋಶದಿಂದ ಪಿತ್ತರಸ ಒಸರಿ, ಆ ಕೊಬ್ಬಿನೊಡನೆ ಸೇರಿ ಉಂಟಾಗುವ ಅತಿ ಸೂಕ್ಷ್ಮ ಕಣಗಳನ್ನು ಏರಿಯೇ ಅದು ಕರುಳಿನ ಗೋಡೆಯನ್ನು ದಾಟಬೇಕು. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್, ಸೊಪ್ಪಿನ ವಿಟಮಿನ್ ಕೆ ಇವುಗಳ ದಾರಿಯೂ ಅದೇ. ಕೊಬ್ಬೇ ಇಲ್ಲದ ಊಟದಲ್ಲಿ ಇವುಗಳಲ್ಲಿ ಬಹುಪಾಲು ಬಂದ ಹಾಗೆಯೇ ಹೊರಟುಹೋಗುತ್ತವೆ.

ಇದು ಊಹೆಯ ಮಾತಲ್ಲ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಲಕ್, ಕ್ಯಾರೆಟ್, ಟೊಮೆಟೊಗಳ ಸಲಾಡನ್ನೇ 0, 6 ಮತ್ತು 28 ಗ್ರಾಂ ಎಣ್ಣೆಯೊಂದಿಗೆ ಕೊಟ್ಟು ರಕ್ತ ಪರೀಕ್ಷಿಸಿದ್ದರು. ಎಣ್ಣೆಯಿಲ್ಲದ ಸಲಾಡಿನಿಂದ ಕ್ಯಾರೋಟಿನ್ ರಕ್ತಕ್ಕೆ ಸೇರಿದ್ದು ನಗಣ್ಯ. ಎಣ್ಣೆ ಹೆಚ್ಚಿದಂತೆ ಅದೂ ಹೆಚ್ಚಿತು. ಪಾಲ್ಗೊಂಡವರು ಏಳೇ ಮಂದಿ ಎಂಬುದನ್ನೂ ಹೇಳಬೇಕು. ಆದರೂ ಅವರ ತಟ್ಟೆಯಲ್ಲಿದ್ದುದು ಹೆಚ್ಚುಕಡಿಮೆ ನನ್ನ ಡಬ್ಬಿಯ ಸಲಾಡೇ.

ಹಾಗೆಂದು ಡಬ್ಬಿ ಪೂರ್ತಿ ವ್ಯರ್ಥವೆನ್ನಲಾಗದು. ನಿಂಬೆ, ಪಪ್ಪಾಯಗಳ ವಿಟಮಿನ್ ಸಿ ನೀರಿನಲ್ಲಿ ಕರಗುವಂಥದು, ಅದಕ್ಕೆ ಎಣ್ಣೆಯ ಹಂಗಿಲ್ಲ, ನಾರಿನಂಶವೂ ಸಾಕಷ್ಟಿದೆ. ಇದನ್ನೇ ಮಧ್ಯಾಹ್ನ ತುಪ್ಪ ಹಾಕಿದ ಅನ್ನ ಸಾರಿನ ಪಕ್ಕದಲ್ಲಿಟ್ಟು ತಿಂದಿದ್ದರೆ ನಾನು ಹೇಳುತ್ತಿರುವ ಕೊರತೆ ಅಷ್ಟಾಗಿ ಕಾಡುತ್ತಿರಲಿಲ್ಲ. ಬೇರೇನೂ ಇಲ್ಲದೆ ಇದೊಂದನ್ನೇ ತಿನ್ನಿರೆಂಬ ಸಲಹೆಯೇ ತಪ್ಪು. ಕ್ಯಾರೆಟ್ಟನ್ನು ಹೆಬ್ಬೆರಳು ಗಾತ್ರಕ್ಕೆ ಹೆಚ್ಚುವುದೂ ಸರಿಯಲ್ಲ. ತುರಿದರೆ ಅಥವಾ ಹದವಾಗಿ ಬೇಯಿಸಿದರೆ ಜೀವಕೋಶಗಳ ಗೋಡೆ ಒಡೆದು ಕ್ಯಾರೋಟಿನ್ ಸುಲಭವಾಗಿ ಬಿಡುಗಡೆಯಾಗುತ್ತದೆ. ನಮ್ಮ ಕ್ಯಾರೆಟ್ ಕೋಸಂಬರಿಯಲ್ಲಿ ತುರಿ, ತೆಂಗಿನಕಾಯಿ, ಸಾಸಿವೆ ಒಗ್ಗರಣೆ ಮೂರೂ ಇರುತ್ತವೆಂಬುದನ್ನು ಈ ಅಡುಗೆಮನೆಯವರು ಮರೆತಂತಿದೆ.

ಒಂದು ಚಮಚ ಎಣ್ಣೆಯನ್ನಾದರೂ ಪ್ರತ್ಯೇಕವಾಗಿ ಕೊಡಿ ಎಂದು ಕೇಳಿದ್ದಕ್ಕೆ, ‘ಗ್ರಾಹಕರು ಎಣ್ಣೆ ಬೇಡವೆನ್ನುತ್ತಾರೆ’ ಎಂಬ ಉತ್ತರ ಬಂತು. ರುಚಿ, ಶುಚಿಗಳಿಗೆ ಐದರಲ್ಲಿ ನಾಲ್ಕು ಅಂಕ, ಮುಚ್ಚಳದ ಬರಹಕ್ಕೆ ಒಂದು. ಚಂದಾ ಮುಂದುವರಿಸಿದ್ದೇನೆ, ಡಬ್ಬಿ ಬಂದೊಡನೆ ಒಂದು ಚಮಚ ಗಾಣದ ಕಡಲೆಕಾಯಿ ಎಣ್ಣೆಗೆ ಸಾಸಿವೆ ಸಿಡಿಸಿ ಅದರ ಮೇಲೆ ಸುರಿದುಕೊಳ್ಳುತ್ತೇನೆ.